ಮೂರನೆಯ ಪೀಠದ ಮೇಲೆ ಅಪ್ಪನ ಹೆಸರು

ಶೀಥಾಂಗ್ ಪೇಟೆ, ಜೆಜಿಯಾಂಗ್
೧೭ ಏಪ್ರಿಲ್ ೧೯೯೪

ಪ್ರೀತಿಯ ಸೂಚಿನ್ ಅಕ್ಕನಿಗೆ,

ತಮ್ಮ ಗೆನ್‌ಫಾನ ನಮಸ್ಕಾರ. ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ, ಆಮೇಲೆ ಸುಖದುಃಖ. ಗುಡಿಗೆ ದೇಣಿಗೆ ಮೂರು ಸಾವಿರ ಯುವಾನ್. ಸಮಿತಿಯ ಅಧ್ಯಕ್ಷ ಶಾವ್‌ಗೆ ಎರಡು ಕಟ್ಟು ಸಿಗರೇಟು. ಅವನ ಪಟಾಲಮ್ಮಿಗೆ ಹಾವುಮೀನಿನ ಊಟ. ಕಲ್ಲುಕುಟಿಗನಿಗೆ ಎರಡು ಸಲ ಕೂಲಿ. ನನ್ನ ಹೆಂಡತಿ ಗುಯ್‌ಫೆನ್‌ಳ ಬಟ್ಟೆಯ ಹೊಸ ಚಪ್ಪಲಿ ಒಂದು ಜೊತೆ. ಚಪ್ಪಲಿ ಹರಿಯಲಿಲ್ಲ, ಕಳೆಯಲೂ ಇಲ್ಲ. ಮನೆಗೆ ಬಂದವಳೇ ಎರಡು ಬೆರಳಲ್ಲಿ ಹಿಡಿದು ಕಸದ ತೊಟ್ಟಿಗೆ ಎಸೆದಳು.

ಉತ್ತರ ತಡವಾಯಿತು, ಬೈಯಬೇಡ. ನೀನು ಕಳಿಸಿದ ಒಣದ್ರಾಕ್ಷಿ ಬಂದು, ಮಕ್ಕಳ ಕೈಗೆ ಸಿಕ್ಕು, ಮುಗಿದೂ ಹೋಯಿತು. ಕಾಲುಚೀಲದ ಕಾರ್ಖಾನೆಯಲ್ಲಿ ಪುರುಸೊತ್ತಿಲ್ಲ ಎಂದು ನೆಪ ಹೇಳಬಹುದಿತ್ತು. ನಿಜ ಏನೆಂದರೆ, ಗುಡಿಯ ಉದ್ಘಾಟನೆಯ ದಿನ ನೆನಪಾದಾಗಲೆಲ್ಲ ಪೆನ್ನು ಕೆಳಗಿಟ್ಟು ಏಳುತ್ತಿದ್ದೆ.

ನೀನು ಬರೆದಿದ್ದೆಯಲ್ಲ: “ವೆಯ್ ಸೇನಾಪತಿಯ ಗುಡಿ ಜೀರ್ಣೋದ್ಧಾರ ಆಗ್ತಿದೆಯಂತೆ, ಕೊಟ್ಟವರ ಹೆಸರು ಕಲ್ಲಲ್ಲಿ ಕೆತ್ತಿಸ್ತಾರಂತೆ. ಅಪ್ಪ ಹೋದಾಗಲೂ ನಾನು ಬರೋಕಾಗ್ಲಿಲ್ಲ. ಹುಟ್ಟಿದ ಊರಲ್ಲಿ ಅವನ ಹೆಸರಾದ್ರೂ ನಿಲ್ಲಲಿ ಕಣೋ.” ಓದಿದಾಗ ನನಗೆ ಇಷ್ಟವಾಗಲಿಲ್ಲ. ಆದರೂ ನಿನ್ನ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ. ದುಡ್ಡು ಕಟ್ಟಿ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ಫಾಂಗ್ ಛೀಹೆ’ ಎಂದು ಬರೆದುಕೊಟ್ಟೆ. ಶಾವ್ ಎರಡೂ ಕೈ ಹಿಡಿದು ಕುಲುಕಿದ. “ಫಾಂಗ್ ಯಜಮಾನ್ರೇ, ನಿಮ್ ತಂದೆಯೋರಿಗೆ ಅತ್ಯುತ್ತಮ ಜಾಗ ಕೊಡಿಸ್ತೀನಿ. ನನ್ ಮೇಲ್ ಬಿಡಿ.” ಅವನ ಮೇಲೆ ಬಿಟ್ಟೆ. ಮೂವತ್ತು ಜನರಿಗೆ ಸಂಬಳ ಕೊಡುವ ನಾನು, ಸರಕು ನೋಡದೆ ನೂಲಿನ ಎಳೆಯನ್ನೂ ಕೊಳ್ಳದ ನಾನು, ಬಿಟ್ಟೆ.

ಸಮಾಧಿ ಗುಡಿಸುವ ಹಬ್ಬದ ದಿನವೇ ಉದ್ಘಾಟನೆ. ಅಪ್ಪ ಅಮ್ಮನ ಸಮಾಧಿಗೆ ಹೋಗಿ, ಹುಲ್ಲು ಕಿತ್ತು, ಅಲ್ಲಿಂದ ನೇರ ಗುಡಿಗೆ ಹೋದೆವು. ಅಕ್ಕ, ನೀನು ಆಡಿ ಬೆಳೆದ ಜಾಗ ಈಗ ನಿನಗೆ ಗುರುತೇ ಸಿಗುವುದಿಲ್ಲ. ಕಲ್ಲಿನ ಕಮಾನಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಸೇನಾಪತಿಯ ಸಮಾಧಿಯ ದಾರಿಯ ಕಲ್ಲುಕುದುರೆಗಳಿಗೆ ಸಿಮೆಂಟಿನ ಕಿವಿ ಅಂಟಿಸಿದ್ದಾರೆ. ಕುದುರೆಗಲ್ಲ, ಹಂದಿಗೆ ಒಪ್ಪುವ ಕಿವಿ. ಅವುಗಳ ಬೆನ್ನ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವವನಿಗೆ ಸಾಲು ನಿಂತಿತ್ತು. ಶಾಸನ ಹೊತ್ತ ಕಲ್ಲಾಮೆಯ ತಲೆಯನ್ನು ಅದೃಷ್ಟಕ್ಕೆಂದು ಸವರಿ ಸವರಿ ಜಿಡ್ಡು ಮಾಡಿಟ್ಟಿದ್ದಾರೆ. ಸೇನಾಪತಿಯ ಸಮಾಧಿದಿಬ್ಬದ ತುಂಬ ಸೂರ್ಯಕಾಂತಿ ಬೀಜದ ಸಿಪ್ಪೆ. ಗುಡಿಯೊಳಗೆ, ಪ್ರಾಣ ಹೋದರೂ ಕೋಟೆ ಬಿಡದ ಮಹಾನುಭಾವ ಕುಳಿತಿದ್ದಾನೆ, ಕೆನ್ನೆಗೆ ಗುಲಾಬಿ ಬಣ್ಣ ಬಳಿಸಿಕೊಂಡು. ಗುಯ್‌ಫೆನ್ ನನ್ನ ಕಿವಿಯಲ್ಲಿ, “ಮದುವೆ ದಲ್ಲಾಳಿ ಇದ್ದಂಗಿದಾನಲ್ರೀ” ಎಂದಳು.

ದಾನಿಗಳ ಫಲಕ ಒಳಗೋಡೆಯಲ್ಲಿತ್ತು. ಮೇಲಿಂದ ಕೆಳಗೆ ಓದಿದೆವು. ಸಿಮೆಂಟು ಅಂಗಡಿಯವನು ಇದ್ದ, ಹಂದಿಮಾಂಸದವನು ಇದ್ದ, ಶಾವ್‌ನ ಭಾವಮೈದ ಎರಡು ಕಡೆ ಇದ್ದ. ಅಪ್ಪ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಗದ್ದಲ. ಮೆಟ್ಟಿಲೆದುರು ಕಬ್ಬಿಣದ ಸರಳುಗಳ ಆಚೆ, ಶತ್ರುವಿಗೆ ಕೋಟೆ ಬಾಗಿಲು ತೆಗೆದ ಮೂವರು ದ್ರೋಹಿಗಳನ್ನು ಮತ್ತೆ ಕಬ್ಬಿಣದಲ್ಲಿ ಎರಕ ಹೊಯ್ದು ಮಂಡಿಯೂರಿಸಿದ್ದಾರೆ. ಊರಿನ ಹಳೇ ಪದ್ಧತಿ ನಿನಗೆ ಗೊತ್ತಲ್ಲ, ಬಂದವರೆಲ್ಲ ಉಗಿಯಬೇಕು, ಹೊಡೆಯಬೇಕು. ಈಗ ಹೊಡೆಯಲು ಹಳೇ ಚಪ್ಪಲಿ ಬಾಡಿಗೆಗೆ ಸಿಗುತ್ತದೆ. ಒಬ್ಬ ಹೆಂಗಸು ಕೂಗುತ್ತಿದ್ದಳು: “ಒಂದೇಟಿಗೆ ಎರಡು ಜ್ಯಾವ್, ಆರೇಟಿಗೆ ಒಂದೇ ಯುವಾನ್! ಬನ್ನಿ ತಾಯಂದ್ರೇ, ದ್ರೋಹಿಗ್ ಬಾರ್ಸಿ, ಸೊಂಟನೋವು ಹೋಗತ್ತೆ!” ಐದೇಟಿನ ದುಡ್ಡಿಗೆ ಆರೇಟು, ಸಗಟು ದರ ಬೇರೆ! ‘ಉಗುಳಬೇಡಿ’ ಎಂಬ ಬೋರ್ಡೂ ಇತ್ತು; ಎಲ್ಲಕ್ಕಿಂತ ಹೆಚ್ಚು ಉಗುಳು ಬಿದ್ದಿದ್ದು ಅದರ ಮೇಲೆ. ನೆಲವೆಲ್ಲ ಲೋಳೆ. ಗುಯ್‌ಫೆನ್ ಜಾರಿ ನನ್ನ ತೋಳು ಹಿಡಿದಳು.

ನಮ್ಮ ಮುಂದೆ ಒಬ್ಬ ಮುದುಕ, ಹೆಗಲ ಮೇಲೆ ಮೊಮ್ಮಗಳು. ಹುಡುಗಿ ಮೂರನೆಯ ಪ್ರತಿಮೆಯ ಪೀಠ ನೋಡಿ ಕೂಡಿಸಿ ಓದಿದಳು. “ತಾತಾ, ಈ ಕೆಟ್ಟೋನ ಹೆಸ್ರು ಫಾಂಗ್ ಛೀಹೆ!”

“ಭೇಷ್ ನನ್ ಪುಟ್ಟಿ, ಎಷ್ಟ್ ಚೆನ್ನಾಗಿ ಓದ್ತೀಯ! ಉಗಿ ಅವನ್ ಮಕಕ್ಕೆ.”

ಮಗು ಉಗಿಯಿತು. ಗುರಿ ತಪ್ಪಿ ಪೀಠದ ಮೇಲೆ ಬಿತ್ತು, ಅಪ್ಪನ ಹೆಸರಿನ ಮೇಲೆ.

ನಾನು ಶಾವ್‌ನನ್ನು ಕೊರಳಪಟ್ಟಿ ಹಿಡಿದೇ ಎಳೆದು ತಂದೆ. ಅವನ ಮುಖದಲ್ಲಿ ಅಳುಕೇ ಇಲ್ಲ! “ಯಜಮಾನ್ರೇ, ನಿಮ್ ದುಡ್ಡಲ್ಲೇ ಈ ಮೂರನೇವ್ನ ಮಾಡ್ಸಿದ್ದು. ಯಾರ್ ಮಾಡ್ಸಿದ್ರೋ ಅವರ್ ಹೆಸ್ರು ಪೀಠದ್ ಮೇಲೆ. ಒಳಗಿನ ಫಲಕ ಯಾರ್ ಓದ್ತಾರೆ ಹೇಳಿ? ಇಲ್ಲಿ ನೋಡಿ, ಜನ ಮುಗಿಬೀಳ್ತಾವ್ರೆ!”

“ಕಣ್ ಬಿಟ್ ನೋಡಯ್ಯಾ, ಅವನೇ ದ್ರೋಹಿ ಅಂದ್ಕೊಂಡು ಉಗೀತಿದಾರೆ!”

“ಕೆಳಗೆ ‘ದಾನಿ’ ಅಂತ ಕೆತ್ತಿದೀವಲ್ಲ. ಗಾರೆ ಹಾಕುವಾಗ ಸ್ವಲ್ಪ ಮುಚ್ಚೋಯ್ತು ಅಷ್ಟೆ. ಹೋಗ್ಲಿ, ಹೊಸ ಶೌಚಾಲಯದ ಗೋಡೆ ಖಾಲಿ ಇದೆ, ಅಲ್ಲಿ ಹಾಕ್ಸಲಾ? ಅಲ್ಲೂ ಜನ ಬರ್ತಾರೆ.”

ಹೊಡೆದೇ ಬಿಡುತ್ತಿದ್ದೆ, ಗುಯ್‌ಫೆನ್ ಬಿಡಲಿಲ್ಲ. “ಇಂಥೋನ್ನ ಮುಟ್ಟಿದ್ರೆ ಕೈ ತೊಳೀಬೇಕು, ಬನ್ರೀ” ಎಂದಳು. ಎಲ್ಲಿ ಬೇಕಾದರೂ ಹಾಕು, ಈ ಪೀಠ ಮಾತ್ರ ಬೇಡ ಎಂದೆ. “ಇದೇ ಯಾಕ್ ಬೇಡ?” ಎಂದು ಕೇಳಿದ. ನಾನು ಕಲ್ಲುಕುಟಿಗ ಎಲ್ಲಿ ಎಂದು ಕೇಳಿದೆ. ಕಲ್ಲುಕುಟಿಗನನ್ನು ಕರೆಸಿ, ಕೆತ್ತಿದ್ದಕ್ಕೆ ಕೊಟ್ಟಷ್ಟೇ ಅಳಿಸುವುದಕ್ಕೂ ಕೊಟ್ಟು, ಒಂದೊಂದೇ ಅಕ್ಷರ ಹೋಗುವ ತನಕ ಪಕ್ಕದಲ್ಲಿ ನಿಂತಿದ್ದೆ. ಅವನು ಉಳಿ ಹೊಡೆಯುವಾಗಲೂ ಜನ ಅವನ ತಲೆಯ ಮೇಲಿಂದ ಉಗಿಯುತ್ತಿದ್ದರು. ಗುಯ್‌ಫೆನ್ ಕರವಸ್ತ್ರ ಬಿಚ್ಚಿ ಕಲ್ಲಿಗೆ ಅಡ್ಡ ಹಿಡಿದಿದ್ದಳು.

ಹಾಗಾಗಿ ಅಕ್ಕ, ಗುಡಿಯಲ್ಲಿ ಅಪ್ಪನ ಹೆಸರಿಲ್ಲ. ಮತ್ತೆ ಕೆತ್ತಿಸು ಎಂದು ಬರೆಯಬೇಡ. ಭಾವನ ಎದೆನೋವು ಹೇಗಿದೆ? ಗಿಡಮೂಲಿಕೆ ಕಳಿಸಿದ್ದೇನೆ, ಕುದಿಸಿ ಕೊಡು, ಸಿಗರೇಟು ಕಿತ್ತುಕೋ. ಬಸುರಿ ಸೊಸೆಗೆ ಸುಖವಾಗಿ ಹೆರಿಗೆಯಾಗಲಿ, ಹುಟ್ಟುವ ಕೂಸಿಗೆ ನಿನ್ನ ಗಟ್ಟಿತನ ಬರಲಿ, ನನ್ನ ಬಾಯಿ ಬಾರದಿರಲಿ. ನಿಮ್ಮ ಮರಳುನಾಡಿನ ಗಾಳಿ ಈ ವರ್ಷವಾದರೂ ನಿನ್ನ ಕಣ್ಣಿಗೆ ಕರುಣೆ ತೋರಲಿ.

ನಿನ್ನ ತಮ್ಮ,
ಗೆನ್‌ಫಾ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶಾವ್‌ಗೆ ಕೊಡದ ಉತ್ತರವನ್ನು ನಿನಗಾದರೂ ಕೊಡಬೇಕು. ಗುಡಿಯ ಹಳೇ ಕಬ್ಬಿಣದ ಮೂವರನ್ನು ಐವತ್ತೆಂಟರ ಉಕ್ಕಿನ ಅಭಿಯಾನದಲ್ಲಿ ಕುಲುಮೆಗೆ ಹಾಕಿದರಲ್ಲ, ಪೀಠಗಳು ಹಾಗೇ ಖಾಲಿ ಉಳಿದವು. ನೀನು ಶಿನ್‌ಜಿಯಾಂಗಿಗೆ ಹೋದ ಮೇಲೆ, ಅರವತ್ತಾರರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ, ಅವುಗಳ ಮೇಲೆ ಮನುಷ್ಯರನ್ನು ಮಂಡಿಯೂರಿಸಿದರು. ಹಿಂದೆ ಉಪ್ಪಿನಕಾಯಿ ಅಂಗಡಿ ಇಟ್ಟ ತಪ್ಪಿಗೆ ‘ಬಂಡವಾಳಿಗ’ ಎಂದು, ಕೊರಳಿಗೆ ತುಂಬಿದ ಜಾಡಿ ಕಟ್ಟಿ, ಮೂರನೆಯ ಪೀಠದ ಮೇಲೆ ಅಪ್ಪನನ್ನು ಕೂರಿಸಿದರು. ಇಡೀ ಪೇಟೆ ಸಾಲಾಗಿ ಬಂದು ಉಗಿಯಿತು. ನಮ್ಮಿಂದ ಸಾಲ ಹೇಳಿ ಉಪ್ಪಿನಕಾಯಿ ಒಯ್ದವರೂ ಇದ್ದರು. ಅಮ್ಮ ನನ್ನ ಕೈ ಬಿಡದೆ ಹಿಡಿದು ನಿಂತಿದ್ದಳು. ಮನೆಗೆ ಬಂದ ಅಪ್ಪ ಬಿಸಿನೀರು ಕೇಳಿದ. ನಿನಗೆ ಬರೆದದ್ದು ‘ಅಪ್ಪನಿಗೆ ಜ್ವರ’ ಎಂದು. ಅಲ್ಲಿ ಒಬ್ಬಳೇ ಇದ್ದೀಯ, ತಿಳಿಸಬೇಡ ಎಂದು ಅವನೇ ಆಣೆ ಹಾಕಿಸಿದ್ದ. ಸಾಯುವವರೆಗೂ ಗುಡಿಯ ಬೀದಿ ತುಳಿಯಲಿಲ್ಲ.

ಇನ್ನು ಯಾರಿಗೆ ಏನು ದಕ್ಕಿತು ಎಂದರೆ: ಗುಡಿಗೆ ಒಬ್ಬ ಕಬ್ಬಿಣದ ಮನುಷ್ಯ. ಶಾವ್‌ಗೆ ಪತ್ರಿಕೆಯಲ್ಲಿ ಫೋಟೋ. ಬಾಡಿಗೆಯ ಹೆಂಗಸಿಗೆ ಭರ್ಜರಿ ವ್ಯಾಪಾರ. ನಿನಗೆ ಈ ಕಾಗದ. ಅಪ್ಪನಿಗೆ, ಎರಡನೆಯ ಸಲ, ಉಗುಳು.