ಗುಬ್ಬಿಗಳನ್ನು ಅಳಿಸಿದವರು ಯಾರು

ನವೆಂಬರ್ 4, ಸೋಮವಾರ. ಬೆಳಗ್ಗೆ

ಕಾಫಿ ಆಯಿತು. ಇವತ್ತಿನ ಹಾಡು — ದಿಲ್ಲಿಯ ಪಾಲಿಕಾ ಬಜಾರಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದ ಗಜಲ್ ಕ್ಯಾಸೆಟ್ಟಿನದು. ದಿನಕ್ಕೊಂದೇ ಹಾಡು, ಬೇರೆ ಕೆಲಸ ಮಾಡದೆ ಕೂತು ಕೇಳುವುದು. ರಿಟೈರ್ ಆದಾಗಿನಿಂದ ಇದೇ ನೇಮ. ಉರ್ದು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಆದರೆ ಆ ಹೆಂಗಸು ಸಾಲಿನ ಕೊನೆಯಲ್ಲಿ ಉಸಿರು ಬಿಡುವ ರೀತಿಗೇ ನಾನು ಕಾಸು ಕೊಟ್ಟಿದ್ದು. ಇವತ್ತು ಆ ಉಸಿರೇ ಇಲ್ಲ! ಕಂಬಳಿ ಹೊದ್ದು ಹಾಡಿದಂತಿದೆ. ತಂಬೂರಿಯ ಝೇಂಕಾರವೂ ಹೋಗಿದೆ, ಬರೀ ಗುಂಯ್ ಉಳಿದಿದೆ.

ಕ್ಯಾಸೆಟ್ಟುಗಳನ್ನೆಲ್ಲ ಅಂಗಡಿಗೆ ಹೊತ್ತು ಪೆನ್ ಡ್ರೈವಿಗೆ ಹಾಕಿಸಿ ತಂದವಳು ಸೊಸೆ ಸಿಂಧೂರ. ದೀಪಾವಳಿ ಉಡುಗೊರೆಯಂತೆ. "ಅತ್ತೆ, ಟೇಪಿಗೆಲ್ಲಾ ಫಂಗಸ್ ಹಿಡೀತಿದೆ, ಡಿಜಿಟಲ್ ಮಾಡಿಸ್ಬಿಡೋಣ ನಾ." ನಾನೇನೂ ಕೇಳಿರಲಿಲ್ಲ. ಕೇಳದೆ ಬಂದ ಉಡುಗೊರೆಯನ್ನು ತಿರುಗಿಸಿ ನೋಡಬೇಕು — ಮಿನಿಸ್ಟ್ರಿಯ ವಿಜಿಲೆನ್ಸ್ ಸೆಕ್ಷನ್ನಿನಲ್ಲಿ ಸರ್ವೀಸೆಲ್ಲ ಕಳೆದು ಕಲಿತದ್ದು ಅದೊಂದೇ.

ಅಂಗಡಿಯವನು ಕಾಟಾಚಾರದ ಕೆಲಸ ಮಾಡಿದ್ದಾನೆ. ಸದ್ಯಕ್ಕೆ ಅನುಮಾನ ಅವನ ಮೇಲೆ ಮಾತ್ರ.

ನವೆಂಬರ್ 6, ಬುಧವಾರ

ಪಂಜಾಬಿ ಮದುವೆ ಹಾಡು. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದಾಗ ಮೇಲಿನ ಮನೆಯ ಆಂಟಿಯ ಮಗಳ ಮದುವೆಯಲ್ಲಿ ನಾನೇ ರೆಕಾರ್ಡ್ ಮಾಡಿದ್ದು. ಒಬ್ಬಳು ಢೋಲಕ್ ಬಾರಿಸುತ್ತಾಳೆ, ಎದುರು ಕೂತವಳು ಅದರ ಮರದ ಮೇಲೆ ಚಮಚದಿಂದ ಟಕಟಕ ಕುಟ್ಟುತ್ತಾಳೆ. ಆ ಚಮಚ ನನ್ನದು. ಕೇಳಿ ಇಸಿದುಕೊಂಡು ಹೋದವರು ವಾಪಸ್ ಕೊಡಲಿಲ್ಲ. ಹೋಗಲಿ, ಹಾಡಿನಲ್ಲಾದರೂ ಇದೆ ಅಂತ ಸಮಾಧಾನವಿತ್ತು.

ಈಗ ಪೆನ್ ಡ್ರೈವಿನಲ್ಲಿ ಢೋಲಕ್ ಇದೆ, ಹೆಂಗಸರ ಗದ್ದಲ ಇದೆ, ಚಮಚ ಇಲ್ಲ. ಎರಡನೇ ಸಲ ಹೋಯಿತು.

ಅಟ್ಟದಿಂದ ಹಳೇ ಟೇಪ್ ರೆಕಾರ್ಡರ್ ಇಳಿಸಿ, ಒರೆಸಿ, ಅಸಲು ಕ್ಯಾಸೆಟ್ಟನ್ನೇ ಹಾಕಿದೆ. ಅದರಲ್ಲೂ ಚಮಚ ಇಲ್ಲ. ಮೇಲಿನ ಚೀಟಿ ನನ್ನ ಕೈಬರಹವೇ. ಆದರೆ ಸ್ಕ್ರೂ ಬಿಚ್ಚಿದರೆ ಒಳಗಿನ ರೀಲು ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ? ಹಳೇ ಕ್ಯಾಸೆಟ್ಟುಗಳಿಗೆ ಈಗ ಒಳ್ಳೇ ಗಿರಾಕಿಗಳಿದ್ದಾರೆಂದು ಮಗ ಪವನನೇ ಒಮ್ಮೆ ಹೇಳಿದ್ದ. ಅಂಗಡಿಯವನೊಬ್ಬನಿಂದ ಇದು ಆಗುವಂಥದ್ದಲ್ಲ. ಮನೆಯ ಒಳಗಿನವರ ಕೈ ಬೇಕು.

ನವೆಂಬರ್ 9, ಶನಿವಾರ

ಹೊಗೆ. ಕಿಟಕಿಗಳೆಲ್ಲ ಬಂದ್. ಎದುರಿನ ಟವರ್ ಕಾಣುತ್ತಿಲ್ಲ. ಪ್ಯೂರಿಫೈಯರ್ ಒಂದೇ ಸಮ ಗೊರಗುಟ್ಟುತ್ತಿದೆ.

ಇವತ್ತು ಡಿಸ್ಕೋ ಕಾಲದ ಸಿನಿಮಾ ಹಾಡು. ಪವನ್ ಹೈಸ್ಕೂಲಿನಲ್ಲಿದ್ದಾಗ ಹಟ ಹಿಡಿದು ಕೊಡಿಸಿಕೊಂಡಿದ್ದು. ನನಗೆ ಎಂದೂ ಸೇರದ ಹಾಡು. ವಿಚಿತ್ರ — ಇದೊಂದು ಮಾತ್ರ ಸರಿಯಾಗಿದೆ. ಡ್ರಮ್ಮು ಎದೆಗೇ ಗುದ್ದುತ್ತದೆ. ಮೊಮ್ಮಗಳು ಇಂಚರಾ ಬಂದು ಕುಣಿದಳು. ನಾನು ಇಷ್ಟಪಟ್ಟಿದ್ದೆಲ್ಲ ಕೆಟ್ಟಿದೆ, ಬೇಡದ್ದು ನೆಟ್ಟಗಿದೆ. ಆರಿಸಿ ಆರಿಸಿ ಮಾಡಿದಂತಿದೆ.

ಮನೆಯಲ್ಲೂ ಏನೋ ನಡೆದಿದೆ. ಸಿಂಧೂರ ಮೈಕ್ರೋವೇವಿನ ಬೀಪ್ ಬಂದ್ ಮಾಡಿದ್ದಾಳೆ. ಹಾಲು ಇಟ್ಟು ಮರೆಯುತ್ತೇನೆ, ಆಮೇಲೆ "ಅತ್ತೆ, ಫಿರ್ ಸೇ, ಮತ್ತೆ ಮರೆತ್ರಾ" ಅಂತ ನಗು. ಗಂಡ ಹೆಂಡತಿ ಮಾತಾಡುವಾಗ ಇವಳದು ಬರೀ ಪಿಸುಪಿಸು. ಪವನನ ಗಡಸು ದನಿ ಮಾತ್ರ ಕೇಳುತ್ತದೆ. ಸಂಜೆ ಅಡುಗೆಮನೆಯಲ್ಲಿ ಅವನೇ ಹೇಳಿದ್ದು: "ಅಪಾಯಿಂಟ್‌ಮೆಂಟ್ ತಗೋ, ಶನಿವಾರ ಆದ್ರೆ ನಾನೂ ಬರ್ತೀನಿ. ಈಗ್ಲೇ ಅಮ್ಮಂಗೆ ಹೇಳ್ಬೇಡ. ಕೂಗಾಡ್ತಾರೆ."

ಯಾರ ಹತ್ತಿರ ಅಪಾಯಿಂಟ್‌ಮೆಂಟ್? ಈ ಫ್ಲ್ಯಾಟ್ ನನ್ನ ಹೆಸರಿನಲ್ಲಿದೆ. ವಕೀಲನೋ, ಬ್ರೋಕರೋ... ಕಾದು ನೋಡಬೇಕು.

ನವೆಂಬರ್ 12, ಮಂಗಳವಾರ

ಕರ್ನಾಟಕ ಸಂಘದ ಆರಾಧನೆಯ ಭಜನೆ. ಒಂದೇ ಮೈಕು, ಇಪ್ಪತ್ತು ಗಂಟಲು, ಶ್ರುತಿ ದೇವರಿಗೇ ಪ್ರೀತಿ. ಆದರೂ ನನಗಿಷ್ಟ. ಯಾಕೆಂದರೆ ತಾಳ ಹಾಕಿದವಳು ನಾನು. ಹಿತ್ತಾಳೆ ತಾಳ, ಮೈಕಿನ ಪಕ್ಕದಲ್ಲೇ ಕೂತಿದ್ದೆ.

ತಾಳ ಇಲ್ಲ. ಹಾರ್ಮೋನಿಯಂ ಇದೆ, ಮೃದಂಗ ಇದೆ, ಎಲ್ಲರೂ ಇದ್ದಾರೆ. ನನ್ನೊಬ್ಬಳನ್ನು ತೆಗೆದುಹಾಕಿದ್ದಾರೆ.

ಗುರುವಾರ ನಮ್ಮ ಯಜಮಾನರ ಹುಟ್ಟುಹಬ್ಬ. ಇವರು ಹೋಗಿ ನಾಲ್ಕು ವರ್ಷವಾಯಿತು. ಆ ದಿನ ಮಾತ್ರ ಕೇಳುವ ಕ್ಯಾಸೆಟ್ ಒಂದಿದೆ. ಅದಕ್ಕೂ ಕೈ ಹಾಕಿದ್ದರೆ...

ನವೆಂಬರ್ 14, ಗುರುವಾರ

ಹಾಕಿದ್ದಾರೆ.

ಕ್ವಾರ್ಟರ್ಸಿನ ವರಾಂಡ. ಭಾನುವಾರ ಬೆಳಗ್ಗೆ. ನಾನು ದಾಸರ ಪದ ಹಾಡುತ್ತಿದ್ದೇನೆ, ಇವರು ರೆಕಾರ್ಡ್ ಮಾಡುತ್ತಿದ್ದಾರೆ. ಮೀಟರ್ ಬೋರ್ಡಿನ ಹಿಂದೆ ಗುಬ್ಬಿ ಗೂಡು. ಪಲ್ಲವಿ ಮುಗಿಯುವುದರೊಳಗೆ ಚಿಂವ್ ಚಿಂವ್ ಶುರು. ನಾನು ಹಾಡು ನಿಲ್ಲಿಸಿ ಗದರುತ್ತೇನೆ, "ಹುಶ್! ಹೋಗ್ತೀರೋ ಇಲ್ವೋ!" ಇವರು ನಗುತ್ತಾ, "ಬಿಡೇ ವೈಜೂ, ಅವೂ ಹಾಡ್ಲಿ." ಮತ್ತೆ ನನ್ನ ಹಾಡು, ಕೊನೆತನಕ ಗುಬ್ಬಿಗಳ ಜೊತೆ. ಆ ಕ್ವಾರ್ಟರ್ಸ್ ಕೆಡವಿಯಾಗಿದೆ. ಉಳಿದಿರುವುದು ಈ ಟೇಪಿನಲ್ಲಿ ಮಾತ್ರ.

ಇವತ್ತು ಹಾಕಿದೆ. ನನ್ನ ಗದರಿಕೆ ಇದೆ. ಇವರ ನಗು ಇದೆ. ಗುಬ್ಬಿ ಒಂದೂ ಇಲ್ಲ. ಖಾಲಿ ವರಾಂಡಕ್ಕೆ ಹುಶ್ ಅನ್ನುತ್ತಿದ್ದೇನೆ, ಹುಚ್ಚಿಯ ಹಾಗೆ.

ಸಿಂಧೂರಳನ್ನು ಕರೆದು ಕೇಳಿಯೇ ಬಿಟ್ಟೆ. "ಅಸಲು ಟೇಪುಗಳನ್ನ ಯಾರಿಗೆ ಮಾರಿದೆ? ಇದ್ರಲ್ಲಿದ್ದ ಗುಬ್ಬಿಗಳೆಲ್ಲಿ?"

ಅವಳ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕಂಡಿತು ನನಗೆ. "ಏನ್ ಹೇಳ್ತಿದೀರಾ ಅತ್ತೆ? ಕ್ಯಾಸೆಟ್ ಎಲ್ಲಾ ನಿಮ್ದೇ. ಗುಬ್ಬಿ ಇದೆ ಅತ್ತೆ, ಸಾಫ್ ಕೇಳಿಸ್ತಿದೆ. ನಿಮ್ಗೆ..." ನಿಲ್ಲಿಸಿದಳು. ಆಮೇಲೆ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ: "ನಿಮ್ಮ ಕಿವಿ ಒಂದ್ಸಲ ತೋರಿಸ್ಬೇಕು. ನಾವು ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀವಿ."

ಎಷ್ಟು ಚೆನ್ನಾಗಿದೆ! ಕಳ್ಳತನ ಹಿಡಿದವಳನ್ನೇ ಕಿವುಡಿ ಮಾಡುವುದು. ಸರ್ವೀಸಿನಲ್ಲಿ ಎಷ್ಟು ಜನ ನನ್ನೆದುರು ಇದೇ ಆಟ ಆಡಿಲ್ಲ — ದೂರು ಕೊಟ್ಟವನಿಗೇ ತಲೆ ಸರಿಯಿಲ್ಲ ಅನ್ನುವುದು.

"ಕಳ್ಳಿಯ ಜೊತೆ ಒಂದೇ ಮನೇಲಿ ಇರಕ್ಕಾಗಲ್ಲ" ಅಂದೆ. ಇಂಚರಾ ಬಾಗಿಲಲ್ಲೇ ನಿಂತಿದ್ದಳು. ಆಡಿಯಾದ ಮೇಲೆ ಕಂಡೆ.

ನವೆಂಬರ್ 15, ಶುಕ್ರವಾರ

ಸಿಂಧೂರ ಮಗುವನ್ನು ಕರೆದುಕೊಂಡು ಮಯೂರ್ ವಿಹಾರಿನ ತಾಯಿಮನೆಗೆ ಹೋದಳು. ಪವನ್ ನನ್ನ ಮುಖ ನೋಡದೆ ಹೇಳಿದ: "ಗ್ರೇಟರ್ ನೋಯ್ಡಾದಲ್ಲಿ ಒಂದು ಫ್ಲ್ಯಾಟ್ ನೋಡಿದೀನಿ. ತಿಂಗಳ ಕೊನೇಲಿ ಶಿಫ್ಟ್ ಆಗ್ತೀವಿ. ಕಾಮಾಲೆ ಕಣ್ಣಿಗೆ ಎಲ್ಲಾ ಹಳದೀನೇ ಅಮ್ಮ. ನಿಮ್ಮ ವಿಜಿಲೆನ್ಸಲ್ಲಿ ನಾನು ಸೋತೆ."

ಸಂಜೆ ಅವನೂ ಅಲ್ಲಿಗೇ ಹೋದ. ಹೋಗಲಿ ಅಂದುಕೊಂಡೆ. ಅಂದುಕೊಳ್ಳುವುದು ಸುಲಭ.

ನವೆಂಬರ್ 22, ಶುಕ್ರವಾರ

ಒಂದೂ ಹಾಡು ಹಾಕಿಲ್ಲ.

ಬೆಳಗ್ಗೆ ಹಾಲಿನ ಭಯ್ಯಾ ಫೋನ್ ಮಾಡಿ ಬೈದ. ಬೆಲ್ ಒತ್ತಿ ಒತ್ತಿ ಸಾಕಾಯಿತಂತೆ. ಬೆಲ್ಲೂ ಕೆಟ್ಟಿದೆ ಅಂತ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಒತ್ತಿ ನೋಡಿ, "ಬಜ್ ರಹೀ ಹೈ ಆಂಟೀಜಿ" ಅಂದ. ಬೆಲ್ ಬಾರಿಸುತ್ತಿದೆಯಂತೆ. ಇವನಿಗೂ ಸಿಂಧೂರಳಿಗೂ ಏನು ಸಂಬಂಧ? ಏನೂ ಇಲ್ಲ.

ಮುಂದಕ್ಕೆ ಯೋಚಿಸಲು ಇಷ್ಟವಿಲ್ಲ.

ನವೆಂಬರ್ 24, ಭಾನುವಾರ. ರಾತ್ರಿ

ತಾಯಿ ಮಗಳು ಸಾಮಾನು ಕಟ್ಟಲು ಬಂದಿದ್ದರು. ಸಿಂಧೂರ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಇಂಚರಾ ಮಾತ್ರ ನನ್ನ ಮಂಚ ಹತ್ತಿ ಕಿವಿಯ ಹತ್ತಿರವೇ ಬಂದು, "ಅಜ್ಜಿ, ಚಿಡಿಯಾ ವಾಲಾ ಹಾಡು ಹಾಕಿ" ಅಂದಳು.

"ಅದ್ರಲ್ಲಿ ಗುಬ್ಬಿ ಇಲ್ಲ ಪುಟ್ಟ."

"ಹೈ ನಾ! ಇಷ್ಟೊಂದ್ ಇವೆ!"

ಸಾಕ್ಷಿ ತಾನಾಗಿ ಬಂದು ಕೂತಿದೆ. ಸರಿ, ವಿಚಾರಣೆ ನಡೆದೇ ಹೋಗಲಿ ಅನ್ನಿಸಿತು. "ಗುಬ್ಬಿ ಕೂಗಿದಾಗೆಲ್ಲ ಚಪ್ಪಾಳೆ ತಟ್ಟು" ಅಂದು ಟೇಪ್ ಹಾಕಿದೆ. ನನ್ನ ಗದರಿಕೆಗಿಂತ ಮುಂಚೆಯೇ ಚಪ್ಪಾಳೆ ಶುರುವಾಯಿತು. ಮಕ್ಕಳು ಅಜ್ಜಿಯನ್ನು ಆಟವಾಡಿಸುತ್ತವೆ, ಅಮ್ಮ ಹೇಳಿಕೊಟ್ಟಿದ್ದರೂ ಇರಬಹುದು. ರಿವೈಂಡ್ ಮಾಡಿ ಮತ್ತೆ ಹಾಕಿದೆ. ಸುಳ್ಳು ಸಾಕ್ಷಿ ಎರಡನೇ ಸಲ ಜಾಗ ತಪ್ಪುತ್ತದೆ. ಎಷ್ಟೋ ಜನರನ್ನು ಹೀಗೇ ಹಿಡಿದಿದ್ದೇನೆ.

ಅವಳು ತಪ್ಪಲಿಲ್ಲ. ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದು. ಇವರ ನಗುವಿನ ಬೆನ್ನಿಗೇ ಎರಡು. ಚರಣದ ಮಧ್ಯೆ ಪಟಪಟ, ಕೈ ಸೋಲುವಷ್ಟು. ಎರಡು ಸಲವೂ ಅಲ್ಲಲ್ಲೇ. ನನ್ನ ಪಾಲಿಗೆ ಅಲ್ಲಿ ಏನೂ ಇರಲಿಲ್ಲ. ಒಂದು ಮಗು ಕಣ್ಣರಳಿಸಿಕೊಂಡು ಶೂನ್ಯಕ್ಕೆ ಚಪ್ಪಾಳೆ ತಟ್ಟುತ್ತಿತ್ತು.

ಗುಬ್ಬಿಗಳು ಇವೆ. ಚಮಚ ಇದೆ. ತಾಳ ಇದೆ. ಯಾರೂ ಏನನ್ನೂ ಕದ್ದಿಲ್ಲ. ಸಣ್ಣ, ಚೂಪು ಸದ್ದುಗಳು ನನ್ನ ಕಿವಿಗೇ ಬೀಳುತ್ತಿಲ್ಲ.

ಭಯವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆ ಹುಡುಗಿಗೆ ಕಳ್ಳಿ ಅಂದೆನಲ್ಲ, ಅವಳ ಮಗಳ ಎದುರಿಗೇ.

ಎದ್ದು ಹೋಗಿ ಸಿಂಧೂರಳ ಮುಂದೆ ನಿಂತೆ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಈ ಹಾಳು ಬಾಯಿ ಬೈಯಲು ಮಾತ್ರ ಚುರುಕು. "ಆ ಡಾಕ್ಟರ ಅಪಾಯಿಂಟ್‌ಮೆಂಟ್ ಇನ್ನೂ ಇದೆಯಾ?" ಅಂದೆ.

ಅವಳು ಮಡಿಸುತ್ತಿದ್ದ ಕುರ್ತಾ ಕೈಯಲ್ಲೇ ಹಿಡಿದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ತುಟಿ ಅಲ್ಲಾಡಿತು. ಏನೋ ಹೇಳಿದಳು. ನನಗೆ ಕೇಳಲಿಲ್ಲ. ಕೇಳಿದವಳಂತೆ ತಲೆಯಾಡಿಸಿ ಹಿಂದಿರುಗಿದೆ.

ಪವನ್ ರಾತ್ರಿ ಫೋನ್ ಮಾಡಿದ. ಶನಿವಾರ ಹನ್ನೊಂದಕ್ಕೆ. ಫ್ಲ್ಯಾಟಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ನವೆಂಬರ್ 30, ಶನಿವಾರ. ಬೆಳಗ್ಗೆ

ಸೀರೆ ಉಟ್ಟು ಕಾಯುತ್ತಿದ್ದೇನೆ. ಕಿವಿಗೆ ಮೆಷಿನ್ ಕೊಡಬಹುದಂತೆ. ಅದನ್ನು ಹಾಕಿಕೊಂಡ ಮೇಲೆ ಮೊದಲು ಯಾವ ಹಾಡು ಅಂತ ಆಗಲೇ ಯೋಚಿಸಿಯಾಗಿದೆ. ಗುಬ್ಬಿ ಬೇಡ, ಅಳು ಬಂದುಬಿಡುತ್ತದೆ. ಮೊದಲು ಆ ಚಮಚ. ಅದು ನನ್ನ ಆಸ್ತಿ.

ಮೆಷಿನ್ನುಗಳಲ್ಲೂ ಡಾಕ್ಟರಿಗೆ ಕಮಿಷನ್ ಇರುತ್ತದೆ ಅಂತ ಕೇಳಿದ್ದೇನೆ. ವಿಚಾರಿಸಬೇಕು.

ಸಾಮಾನಿನ ಡಬ್ಬಗಳು ಹಾಲಿನಲ್ಲಿ ಇನ್ನೂ ಹಾಗೇ ಇವೆ. ಕಟ್ಟಿಯೂ ಇಲ್ಲ, ಬಿಚ್ಚಿಯೂ ಇಲ್ಲ. ನಾನು ಆ ಒಂದು ಮಾತು ಹೇಳುವವರೆಗೆ ಅವು ಹಾಗೇ ಇರುತ್ತವೆ, ಗೊತ್ತು.

ಸಿಂಧೂರ ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ. ಏನೋ ಹೇಳುತ್ತಿದ್ದಾಳೆ — ಮೆಲ್ಲಗಲ್ಲ, ಅವಳ ಕತ್ತಿನ ನರ ಉಬ್ಬಿದ್ದು ಕಾಣುತ್ತಿದೆ, ಗಟ್ಟಿಯಾಗಿಯೇ ಹೇಳುತ್ತಿದ್ದಾಳೆ. ಇಷ್ಟು ದಿನವೂ ಹೀಗೇ ಹೇಳುತ್ತಿದ್ದಳೋ ಏನೋ. ಈ ಸಲ ತಲೆಯಾಡಿಸುವುದಿಲ್ಲ. ಪೆನ್ನು ಕೆಳಗಿಟ್ಟು, ಹತ್ತಿರ ಕರೆದು, ಕೇಳಿಸಲಿಲ್ಲ ಕಣಮ್ಮ, ತಪ್ಪು ನನ್ನದೇ, ಇನ್ನೊಂದು ಸಲ ಹೇಳು ಅಂತ —