ಎಡದಿಂದ ಐದನೆಯವಳು

ವಿದ್ಯಾರ್ಥಿ ನಿವಾಸ, ಕೋಣೆ 412
ಮಾರ್ಚ್ 14, 2024, ಗುರುವಾರ

ಎಂಬತ್ತಮೂರರ ವಯಸ್ಸಿನಲ್ಲೂ ಮೊಮ್ಮಗಳನ್ನು ಗದರಿಸಲು ಎರಡು ಹಾಳೆ ತುಂಬಾ ಬರೆಯುವ ನನ್ನ ಟೈಮಿ ಅಜ್ಜಿಗೆ,

ನಿನ್ನ ಕಾಗದ ನಿನ್ನೆ ತಲುಪಿತು. ಎದ್ದು ನಿಂತು ಓದಿದೆ. ಅಷ್ಟು ಗೌರವಕ್ಕೆ ಅದು ಅರ್ಹವಾಗಿತ್ತು. ನಿನ್ನ ಆಜ್ಞೆ ಮೂರು. ಪತ್ರಿಕೆಯಲ್ಲಿ ನಿನ್ನ ಹಳೆಯ ಫೋಟೋ ನೋಡಿ ನೆರೆಯವರೆಲ್ಲ ಕಾಫಿಗೆ ಬರುತ್ತಿದ್ದಾರೆ, ಅದನ್ನು ನಿಲ್ಲಿಸು. ನನ್ನ ಮೇಲಧಿಕಾರಿ ವೆಹ್ವಿಲೈನೆನ್ ಅವರ ಕ್ಷಮೆ ಕೇಳು. ನಿನ್ನ ಹಬೆಸ್ನಾನದ ಸೌನಾದಿಂದ ಕದ್ದ ಹಲಗೆಯನ್ನು ವಾಪಸು ತಾ. ಮೂರನ್ನೂ ಗಂಭೀರವಾಗಿ ಪರಿಶೀಲಿಸಿದೆ. ಮೂರನ್ನೂ ವಿನಯಪೂರ್ವಕವಾಗಿ ತಿರಸ್ಕರಿಸುತ್ತಿದ್ದೇನೆ. ಕಾರಣ ಹೇಳುತ್ತೇನೆ, ಪುಲ್ಲಾ ಬನ್ನು ತಿನ್ನುತ್ತಾ ಓದು. ಮಧ್ಯದಲ್ಲಿ ಸಿಟ್ಟು ಬಂದರೆ ಇನ್ನೊಂದು ತಿನ್ನು.

ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿ ನಾನು ವಾರಕ್ಕೆ ಹನ್ನೆರಡು ಗಂಟೆ ಕೆಲಸ ಮಾಡುವುದು ನಿನಗೆ ಗೊತ್ತು. ಹಳೆಯ ಫೋಟೋಗಳ ಧೂಳು ಒರೆಸಿ, ಪ್ರದರ್ಶನಕ್ಕೆ ಅಡಿಬರಹ ಅಂಟಿಸುವ ಕೆಲಸ. ಜನವರಿಯಲ್ಲಿ 207ನೇ ಫೋಟೋ ನನ್ನ ಕೈಗೆ ಬಂತು. ಹೆಪ್ಪುಗಟ್ಟಿದ ಕೊಲ್ಲಿ. ಅದರ ನಡುವೆ, ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಒಂದು ಬಸ್ ಸ್ಟಾಪ್. ಕಂಬ, ಬೆಂಚು, ವೇಳಾಪಟ್ಟಿಯ ಹಲಗೆ, ಎಲ್ಲಾ ಇದೆ. ಉದ್ದ ಕೋಟು ಹಾಕಿದ ನಾಲ್ವರು ಹುಡುಗರು ಸಾಲಾಗಿ ನಿಂತಿದ್ದಾರೆ. ಅವರ ಬಲಕ್ಕೆ, ಸಾಲಿನ ಮುಂದೆ, ಕಂಬದ ಪಕ್ಕದಲ್ಲೇ, ತಲೆಗೆ ಸ್ಕಾರ್ಫ್ ಕಟ್ಟಿ, ಕೈಚೀಲ ಹಿಡಿದು, ಬಸ್ಸು ತಡವಾಯಿತೆಂದು ಮುಖ ಗಂಟಿಕ್ಕಿಕೊಂಡ ಒಬ್ಬಳು ಹುಡುಗಿ. ಹಿನ್ನೆಲೆಯಲ್ಲಿ ಹನ್ನೊಂದು ಮಂದಿ ಊರವರು, ಒಬ್ಬರಿಂದೊಬ್ಬರು ಎರಡೆರಡು ಮೀಟರ್ ದೂರದಲ್ಲಿ, ನಿಜವಾಗಿಯೂ ಬಸ್ಸಿಗೆ ಕಾಯುತ್ತಿದ್ದಾರೆ. ಸಮುದ್ರದ ಮೇಲೆ!

ಅಡಿಬರಹ ಹೀಗಿತ್ತು: “ಮಾರ್ಚ್ 1962. ವಿದ್ಯಾರ್ಥಿಗಳ ಪ್ರಸಿದ್ಧ ಹುಡುಗಾಟ.” ನಾಲ್ವರು ಹುಡುಗರ ಪೂರ್ತಿ ಹೆಸರು. ಕೊನೆಗೆ, “ಮತ್ತು ಮೋಸಹೋಗಿ ಬಸ್ಸಿಗೆ ಕಾಯುತ್ತಿರುವ ಒಬ್ಬ ಮಹಿಳೆ.”

ಅಜ್ಜಿ, ಆ ಗಂಟಿಕ್ಕಿದ ಮುಖ ನನಗೆ ಗೊತ್ತು. ಕಾರ್ಡ್ ಆಟದಲ್ಲಿ ನನ್ನನ್ನು ಸೋಲಿಸುವ ಮುಂಚೆ ನೀನು ಮಾಡುವ ಮುಖ ಅದು.

ಕೂಡಲೇ ಫೋನ್ ಮಾಡಿದೆ. ನೀನು, “ಹುಡುಗ್ರು ನನ್ನ ಉಳಿಸಿದ್ರು ಕಣೇ. ಬಾಯಿ ಬಿಡಲ್ಲ, ಎಲ್ಲೂ ಸಹಿ ಹಾಕಲ್ಲ ಅಂತ ಮಾತು ಕೊಟ್ಟಿದೀನಿ. ಮುಗೀತು,” ಅಂದೆ. ಉಳಿದದ್ದನ್ನು ನಾನು 1962ರ ವಿಚಾರಣೆಯ ಕಡತದಲ್ಲಿ ಓದಿಕೊಂಡೆ. ಸೇತುವೆ ಇಂಜಿನಿಯರಿಂಗ್ ವಿಭಾಗಕ್ಕೆಲ್ಲ ನೀನೊಬ್ಬಳೇ ಹುಡುಗಿ. ನಡತೆಯಲ್ಲಿ ಒಂದು ಕಪ್ಪುಚುಕ್ಕೆ ಬಿದ್ದರೂ ವಿದ್ಯಾರ್ಥಿವೇತನ ರದ್ದು. ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಫೋಟೋ ಹಿಡಿದು, “ಈ ಹುಡುಗಿ ಯಾರು?” ಎಂದು ಕೇಳಿದಾಗ ನಾಲ್ವರೂ ಒಂದೇ ಸ್ವರದಲ್ಲಿ, “ಯಾರೋ ಗೊತ್ತಿಲ್ಲ ಸಾರ್, ಪಾಪ, ಬಸ್ಸಿಗೆ ಕಾಯ್ತಿದ್ರು,” ಅಂದರಂತೆ. ಸೊಗಸಾದ ಸುಳ್ಳು. ಒಂದು ವಾರಕ್ಕೆ ಬೇಕಾಗಿದ್ದ ಸುಳ್ಳು. ಅದನ್ನು ಅರವತ್ತೆರಡು ವರ್ಷ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದು ಯಾವ ನ್ಯಾಯ?

ಪ್ರದರ್ಶನದ ಮುಖ್ಯಸ್ಥ ಮೌರಿ ವೆಹ್ವಿಲೈನೆನ್ ಅವರ ಬಳಿ ಹೋಗಿ, ಆಕೆ ನನ್ನ ಅಜ್ಜಿ, ಅಡಿಬರಹ ತಿದ್ದಿ ಎಂದೆ. ಅವರು ಕನ್ನಡಕ ಹಣೆಗೇರಿಸಿ, “ನೆನಪು ದಾಖಲೆ ಅಲ್ಲ ಪಿಹ್ಲಾ. ಈಕೆ ತಲೆ ಮೇಲೆ ಕುಚ್ಚಿನ ವಿದ್ಯಾರ್ಥಿ ಟೋಪಿ ಇಲ್ಲ,” ಅಂದರು.

“ಕುಚ್ಚಿನ ಟೋಪಿ ಹಾಕೋದು ಮೇ ಒಂದರಿಂದ ಸೆಪ್ಟೆಂಬರ್ ಕೊನೇವರೆಗೆ ಮಾತ್ರ. ಮಾರ್ಚಲ್ಲಿ ಆ ನಾಲ್ವರ ತಲೆ ಮೇಲೂ ಇಲ್ವಲ್ಲ ಸಾರ್?”

“ಅವರು ಪ್ರಸಿದ್ಧರು.”

ಈ ತರ್ಕವನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ನನ್ನ ಮೊಮ್ಮಕ್ಕಳಿಗೆ ಓದಿ ಹೇಳಬೇಕು. ಅಡಿಬರಹ ಬದಲಾಗಬೇಕಾದರೆ ಆ ಕಾಲದ ಒಂದು ವಸ್ತು, ಮತ್ತು ಫೋಟೋದಲ್ಲಿರುವವರೊಬ್ಬರ ಸಹಿ ಇರುವ ಹೇಳಿಕೆ, ಎರಡೂ ಬೇಕೆಂದರು. ಹೇಳಿಕೆಗೆ ಒಂದು ನಮೂನೆಯೂ ಇದೆ, ಮೂರು ಪ್ರತಿ.

ವಸ್ತು ಎಲ್ಲಿದೆ ಎಂದು ನನಗೆ ಅಂದಾಜಿತ್ತು. ಕ್ರಿಸ್ಮಸ್ಸಿಗೆ ಬಂದಾಗ ನೀನು, ನಾನು ಕೇಳದೆಯೇ, ಮೂರು ಸಲ ಹೇಳಿದ್ದೆ: “ಸೌನಾದ ಸೌದೆ ಗೂಡಿನ ಹಿಂದಿರೋ ಹಲಗೆ ಮುಟ್ಟಬೇಡ.” ಆದ್ದರಿಂದ ಫೆಬ್ರವರಿಯಲ್ಲಿ, ನೀನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ ದಿನ, ಬಂದು ಮುಟ್ಟಿದೆ. ಮಸಿ ಹಿಡಿದ ಹಲಗೆಯ ಮೇಲೆ ಎಷ್ಟು ಚೆಂದದ ಅಕ್ಷರ! “ಮಾರ್ಗ 14. ಕೊಲ್ಲಿ – ಎದುರುದಡ. ಹೊರಡುವ ವೇಳೆ 8.04, 8.44, 14.14. ಮಂಜುಗಡ್ಡೆಯ ದಪ್ಪ 44 ಸೆಂ.ಮೀ. ಏಪ್ರಿಲ್ ನಂತರ ಪ್ರಯಾಣಿಕರು ಈಜತಕ್ಕದ್ದು.” ಪ್ರತಿಯೊಂದು ನಾಲ್ಕೂ ತಲೆಕೆಳಗಾದ ಮುರುಕು ಕುರ್ಚಿಯ ಹಾಗೆ, ನಿನ್ನ ಜಾಮಿನ ಡಬ್ಬಿಗಳ ಮುಚ್ಚಳದ ಮೇಲಿರುವ ಹಾಗೆಯೇ.

ವೆಹ್ವಿಲೈನೆನ್ ಹಲಗೆಯನ್ನು ಹತ್ತಿಬಟ್ಟೆಯ ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿ, “ವಸ್ತು ಸರಿ. ಬರೆದೋರು ಯಾರು ಅಂತ ಮರ ಹೇಳುತ್ತಾ? ಸಹಿ ತಗೊಂಬಾ,” ಅಂದರು. ಫೋಟೋದ ಹುಡುಗರಲ್ಲಿ ಮೂವರು ತೀರಿಕೊಂಡಿದ್ದಾರೆ. ಉಳಿದವರು ಪ್ರೊಫೆಸರ್ ಓಯ್ವ ಕೆಟ್ಟುನೆನ್, ಪ್ರದರ್ಶನದ ಉದ್ಘಾಟಕರು. ಫೋನ್ ಮಾಡಿದರೆ, “ನಂಗೇನೂ ನೆನಪಿಲ್ಲಮ್ಮ. ಮಹಿಳೆ ಯಾರೋ ಪಾಪ, ಬಸ್ಸಿಗೆ ಕಾಯ್ತಿದ್ರು,” ಅಂದರು. ಅದೇ ವಾಕ್ಯ, ಅದೇ ಪಾಪ. ನಿನ್ನದೊಂದು ಕೊಟ್ಟ ಮಾತು, ಅವರದೊಂದು ಕೊಟ್ಟ ಮಾತು. ಇಬ್ಬರೂ ಕಲ್ಲಿನ ಹಾಗೆ ಕೂತಿದ್ದೀರಿ. ಆದರೆ ಮಾತು ಕೊಟ್ಟದ್ದು ನೀವು. ನಾನು ಯಾರಿಗೂ ಏನೂ ಕೊಟ್ಟಿಲ್ಲ.

ಕಳೆದ ವಾರ ಮಂಗಳವಾರ ಉದ್ಘಾಟನೆ. ನಮ್ಮ ವಿದ್ಯಾರ್ಥಿ ಸಂಘದ ನೆಲಮಾಳಿಗೆಯಲ್ಲಿ ಒಂದು ಬಸ್ ಸ್ಟಾಪಿನ ಕಂಬವಿದೆ (ಯಾಕಿದೆ ಎಂದು ಸಭ್ಯರು ಕೇಳುವುದಿಲ್ಲ). ಅದನ್ನು 207ನೇ ಫೋಟೋದ ಎದುರು ನಿಲ್ಲಿಸಿ, ನಿನ್ನ ಹಲಗೆ ತೂಗುಹಾಕಿದೆ. ತಲೆಗೆ ಸ್ಕಾರ್ಫ್ ಕಟ್ಟಿ, ಕೈಚೀಲ ಹಿಡಿದು, ಮುಖ ಗಂಟಿಕ್ಕಿ ನಿಂತೆ. ಬೇರೇನೂ ಮಾಡಲಿಲ್ಲ. ಇದನ್ನು ನ್ಯಾಯಾಲಯದಲ್ಲೂ ಹೇಳಬಲ್ಲೆ.

ನಮ್ಮ ಜನ ನಿನಗೆ ಗೊತ್ತಲ್ಲ. ಕಂಬದ ಪಕ್ಕ ಒಬ್ಬರು ನಿಂತಿದ್ದರೆ ಸಾಕು, ಎರಡನೆಯವರು ಎರಡು ಮೀಟರ್ ಬಿಟ್ಟು ನಿಲ್ಲುತ್ತಾರೆ. ಯಾಕೆ ಎಂದು ಕೇಳುವುದು ಅಸಭ್ಯ. ಮೊದಲು ಉಪ ಮೇಯರಮ್ಮ ನಿಂತರು. ಅವರ ಹಿಂದೆ ಪ್ರೊಫೆಸರ್ ಕೆಟ್ಟುನೆನ್, ಕೋಲೂರಿಕೊಂಡು. ಹತ್ತು ನಿಮಿಷದಲ್ಲಿ ಸಾಲು ಕಾಫಿ ಮೇಜು ದಾಟಿ ಬಾಗಿಲಿನ ಹೊರಗೆ ಹೋಗಿತ್ತು. ಒಬ್ಬರೂ ಉಸಿರೆತ್ತಲಿಲ್ಲ.

ವೆಹ್ವಿಲೈನೆನ್ ಓಡಿಬಂದರು. “ಏನಿದು? ಯಾಕೆ ಎಲ್ಲಾ ಇಲ್ಲಿ ನಿಂತಿದೀರಿ?”

ಉಪ ಮೇಯರಮ್ಮ ತಿರುಗಿ, “ಕೊನೆ ಅಲ್ಲಿದೆ ಸಾರ್. ಸಾಲಲ್ಲಿ ಬನ್ನಿ,” ಅಂದರು.

ಅಜ್ಜಿ, ಅವರು ಹೋದರು! ಕೈಯಲ್ಲಿ ಭಾಷಣದ ಕಾಗದ ಹಿಡಿದುಕೊಂಡು, ಬಾಗಿಲಾಚೆ ಹೋಗಿ, ಕೊನೆಯವರಿಂದ ಎರಡು ಮೀಟರ್ ಬಿಟ್ಟು ನಿಂತರು.

ಆಗ ಉಪ ಮೇಯರಮ್ಮ ಪಕ್ಕಕ್ಕೆ ಸರಿದು, ಪ್ರೊಫೆಸರಿಗೆ ಹಲಗೆ ಕಾಣುವಂತಾಯಿತು. ಅವರು ಕನ್ನಡಕ ಹಾಕಿಕೊಂಡರು. ಓದಿದರು. ಕೋಲಿನ ತುದಿಯಿಂದ ಒಂದೊಂದು ನಾಲ್ಕನ್ನೂ ಮುಟ್ಟಿದರು. ಆಮೇಲೆ ನನ್ನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನ ಮುಖ.

“ಇದನ್ನ ಸುಟ್ಟುಬಿಡೇ ಅಂತ ಅವಳಿಗೆ ಹೇಳಿದ್ದೆ,” ಅಂದರು. “ಸುಡ್ಲಿಲ್ಲ ನೋಡು, ಮೊಂಡಿ.”

“ಯಾರು ಸಾರ್?” ಎಂದೆ, ನನ್ನ ಜೀವನದ ಅತ್ಯಂತ ಗಂಭೀರ ಸ್ವರದಲ್ಲಿ.

ಅವರು ಕೋಲನ್ನು ಕಂಬಕ್ಕೆ ಒರಗಿಸಿದರು. “ಆ ಮಾತು ಕೊಟ್ಟಿದ್ದು ರೆಕ್ಟರ್ ಕೇಳಿದ್ರೆ ಅಂತ. ರೆಕ್ಟರ್ ಸತ್ತು ನಲವತ್ತು ವರ್ಷ ಆಯ್ತು. ನಾನು ಮಾತಿಗೆ ನಿಂತಿದ್ನೋ, ಹೊಗಳಿಕೆ ರುಚಿ ಹತ್ತಿ ನಿಂತಿದ್ನೋ, ನಂಗೇ ಗೊತ್ತಿಲ್ಲ ಮಗು. ಬರಕೋ. ಟೈಮಿ ರಂತಾಲ. ಮಂಜುಗಡ್ಡೆ ಕೊರೆದು ದಪ್ಪ ಅಳೆದೋಳೂ ಅವಳೇ. ನಾವು ನಾಲ್ಕು ಜನ ಬೆಂಚು ಹೊತ್ತೆವು, ಅಷ್ಟೇ.”

ನನ್ನ ಕೈಚೀಲದಲ್ಲಿ ನಮೂನೆ ಇತ್ತು. ಮೂರು ಪ್ರತಿ. ಉಪ ಮೇಯರಮ್ಮ ಬಗ್ಗಿ ಬೆನ್ನು ಕೊಟ್ಟರು, ಅದರ ಮೇಲಿಟ್ಟು ಪ್ರೊಫೆಸರ್ ಸಹಿ ಹಾಕಿದರು. ಸಹಿಯಾದ ಕಾಗದವನ್ನು ಕೈಯಿಂದ ಕೈಗೆ, ಸಾಲಿನುದ್ದಕ್ಕೂ, ಕೊನೆಯಲ್ಲಿ ನಿಂತಿದ್ದ ವೆಹ್ವಿಲೈನೆನ್ ಅವರಿಗೆ ದಾಟಿಸಿದೆವು. ಸ್ವಂತ ನಿಯಮದ ಮುಂದೆ ಅವರು ನಿರುಪಾಯರು. ಮರುದಿನ ಹೊಸ ಅಡಿಬರಹ ಬಂತು: “ಎಡದಿಂದ ಐದನೆಯವರು ಟೈಮಿ ರಂತಾಲ, ಸೇತುವೆ ವಿಭಾಗದ ವಿದ್ಯಾರ್ಥಿನಿ. ಯೋಜನೆ, ಅಳತೆ ಮತ್ತು ಬರಹ ಇವರದು.” ಅಂಟಿಸಿದ್ದು ನಾನೇ. ಸ್ವಲ್ಪ ಓರೆಯಾಗಿದೆ.

ಇನ್ನು ಕ್ಷಮೆ. ಉದ್ಘಾಟನೆ ಕೆಡಿಸಿದ್ದಕ್ಕೆ ನಾಳೆ ಸಂಜೆಯೊಳಗೆ ಲಿಖಿತ ಕ್ಷಮಾಪಣೆ ಕೊಡದಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರಬೇಡ ಅಂದಿದ್ದಾರೆ ವೆಹ್ವಿಲೈನೆನ್. ಕೊಡುವುದಿಲ್ಲ ಅಜ್ಜಿ. ನಮ್ಮ ಊರಿನ ಮೂವತ್ತೊಂದು ಸೇತುವೆಗಳ ಮೇಲೆ ನಿನ್ನ ಲೆಕ್ಕ ನಂಬಿ ಲಾರಿಗಳು ಓಡಾಡುತ್ತಿವೆ. ನಿನ್ನನ್ನು “ಮೋಸಹೋದ ಮಹಿಳೆ” ಎಂದು ಕರೆದವರು ಕ್ಷಮೆ ಕೇಳಿಲ್ಲ, ನಾನೇಕೆ ಕೇಳಲಿ? ಧೂಳು ಒರೆಸಲು ಬೇರೆ ಕಡೆಯೂ ಧೂಳಿದೆ. ಪ್ರದರ್ಶನ ಮೇ ಕೊನೆಯವರೆಗೆ ಇರುತ್ತದೆ. ಮೇ ಒಂದಕ್ಕೆ ಬಾ. ನಿನ್ನ ಕುಚ್ಚಿನ ಟೋಪಿ ಹಾಕಿಕೊಂಡು ಆ ಫೋಟೋದ ಮುಂದೆ ನಿಲ್ಲು. ಬರುವುದಿಲ್ಲ ಎಂದರೆ ಪ್ರೊಫೆಸರನ್ನೇ ನಿನ್ನ ಮನೆಗೆ ಕರೆತರುತ್ತೇನೆ. ಅವರು ಆಗಲೇ ಬೂಟಿಗೆ ಪಾಲಿಶ್ ಹಾಕಿಸಿದ್ದಾರೆ.

ನಿನ್ನ ಮಾತು ಕೇಳದ, ಕೇಳುವ ಉದ್ದೇಶವೂ ಇಲ್ಲದ,
ಪಿಹ್ಲಾ

ಮರೆತ ಮಾತು: ಹಲಗೆ ವಾಪಸು ಕೊಡಲಾಗದು, ಅದೀಗ ಸಂಗ್ರಹದ ಸ್ವತ್ತು. ಆದರೆ ಗೋಡೆಗೆ ಮುಖ ಮಾಡಿ ತಿರುಪು ಹಾಕಿದ್ದ ಅದರ ಹಿಂಬದಿಗೆ ಹೊಸ ಟೇಪಿನಲ್ಲಿ ಅಂಟಿಸಿದ್ದ ಚೀಟಿಯನ್ನು ನಾನು ಯಾರಿಗೂ ತೋರಿಸದೆ ಕಿತ್ತು ಇಟ್ಟುಕೊಂಡಿದ್ದೇನೆ. “4 ತಿರುಪು. ಸಡಿಲ ಮಾಡಿಟ್ಟಿದ್ದೇನೆ. ಎಡದಿಂದ ಎಳೆ.” ಕುರ್ಚಿಯಂಥ ಆ ನಾಲ್ಕಿನ ಕೆಳಗೆ ತಾರೀಖೂ ಇದೆ, ಕ್ರಿಸ್ಮಸ್ಸಿನ ಹಿಂದಿನ ದಿನದ್ದು. ನೀನು ಬಾಯಿ ಬಿಟ್ಟಿಲ್ಲ, ಸಹಿ ಹಾಕಿಲ್ಲ. ಕೊಟ್ಟ ಮಾತಿಗೆ ಒಂದು ಗೀರೂ ಬಿದ್ದಿಲ್ಲ. ನಿನ್ನ ಹಲ್ಲಿನ ಡಾಕ್ಟರನ್ನೂ ವಿಚಾರಿಸಿದೆ. ಫೆಬ್ರವರಿಯಲ್ಲಿ ನೀನು ಅಲ್ಲಿಗೆ ಹೋಗಿರಲೇ ಇಲ್ಲವಂತೆ.