ಕಿವಿ ಸೀಳಿನ ಟೋಪಿ

ಸಿರುಗುಪ್ಪ
೧೪-೨-೧೯೫೨

ಪ್ರೀತಿಯ ಅಣ್ಣಾ,

ಕೆಮ್ಮು ಹೇಗಿದೆ? ವೆಲ್ಲಿಂಗ್ಟನ್ನಿನ ಚಳಿಗೆ ಬೆಳಗಿನ ಹೊತ್ತು ಪೊರಕೆ ಹಿಡಿದರೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ದೀಪಾವಳಿಯ ಕಾಗದದಲ್ಲಿ ನೀನು ಬರೆಸಿದ್ದೆ. ಮಿಲಿಟರಿ ಆಸ್ಪತ್ರೆಯ ಜಗಲಿಯನ್ನೇ ದಿನವೂ ಗುಡಿಸುತ್ತೀಯ, ಒಳಗೆ ಹೋಗಿ ಡಾಕ್ಟರಿಗೆ ಎದೆ ತೋರಿಸಲು ನಿನಗೇನು ದಾಡಿ? ಯಾರಾದರೂ ಕರೆಯಲಿ ಎಂದು ಹೊರಗೇ ನಿಂತಿರುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ. ಅವ್ವ ದೇಶನೂರಿನಲ್ಲಿ ಗಟ್ಟಿಯಾಗಿದ್ದಾಳೆ. ಈ ವಯಸ್ಸಿನಲ್ಲೂ ನಾಟಿಗೆ ಹೋಗುತ್ತಾಳೆ, ಬೇಡವೆಂದರೆ ನನ್ನನ್ನೇ ಬೈಯುತ್ತಾಳೆ. ನನ್ನ ಹೆಂಡತಿ ಸುಂಕಮ್ಮನಿಗೆ ಈಗ ಏಳು ತಿಂಗಳು. ಕಾಲು ಊದಿವೆ ಎನ್ನುವುದು ಬಿಟ್ಟರೆ ಆರಾಮ.

ಕುಶಲ ವಿಚಾರಿಸಿದ್ದು ಇಷ್ಟು ಸಾಕು. ಈ ಕಾಗದವನ್ನು ನಾನು ಸಿಟ್ಟಿನಿಂದ ಬರೆಯಲು ಕೂತೆ. ಹೈಸ್ಕೂಲಿನಲ್ಲಿ ನನ್ನ ಎರಡು ವರ್ಷದ ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ. ಇನ್‌ಸ್ಪೆಕ್ಟರ್ ಬಂದು ಪಾಠ ನೋಡಿ ಸರಿ ಎಂದರೆ ನೌಕರಿ ಕಾಯಂ, ಇಲ್ಲವೆಂದರೆ ಮತ್ತೆ ಯಾವ ಊರಿನ ಯಾವ ಹಂಗಾಮಿ ಕೆಲಸವೋ. ನಮ್ಮ ಕೇರಿಯಲ್ಲಿ ಬಿ.ಎ. ಎಂದು ಹೆಸರಿನ ಮುಂದೆ ಬರೆದುಕೊಂಡವನು ನಾನೊಬ್ಬನೇ. ನಾನು ಎಡವುವುದನ್ನೇ ಕಾಯುತ್ತಾ ಕೂತವರು ಎಷ್ಟು ಮಂದಿ ಎಂದು ನಿನಗೆ ಹೇಳಬೇಕಾಗಿಲ್ಲ. ಅಂಥ ದಿನ ನೀನು ಕೊಟ್ಟ ಟೋಪಿಯೇ ನನ್ನ ಮಾನ ಕಳೆಯಿತು.

ನೆನಪಿದೆಯೇ? ನಲವತ್ತೇಳರಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ದೊರೆಗಳು ಗಂಟುಮೂಟೆ ಕಟ್ಟಿದಾಗ, ನೀನು ಆಗ ಗುಡಿಸುತ್ತಿದ್ದ ಬಂಗಲೆಯವರು ಹಿತ್ತಲಿಗೆ ಎಸೆದದ್ದನ್ನೆಲ್ಲ ಹೆಕ್ಕಿ ಬಿಸ್ಕತ್ತಿನ ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದೆ. ಆಗ ನಾನು ಕುರುಗೋಡಿನಲ್ಲಿ ಹಂಗಾಮಿ ಮಾಸ್ತರ. ಬಸ್ಸಿನವನು ಕಸದ ಡಬ್ಬಿ ಹತ್ತಿಸುವುದಿಲ್ಲ ಎಂದನೆಂದು ಬಳ್ಳಾರಿಯಿಂದ ನೀನು ತಲೆಯ ಮೇಲೆ ಹೊತ್ತು ನಡೆದೇ ಬಂದಿದ್ದೆ, ಮಹಾರಾಯ. ನೀರನ್ನೂ ಕುಡಿಯದೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತೆಗೆದು ತೋರಿಸಿದೆ. ‘ಇದು ಕೆಂಡ ಹಿಡಿಯೋ ಚಿಮಟ. ಇದು ಕೈಗವಸು, ಇದರ ಜತಿದು ನಾಯಿ ಕಡಿದೈತಿ. ಇದು ಮುಳ್ಳಿನ ಚಮಚ. ಇದನ್ನ ನೋಡಲೇ ಮಲ್ಲ, ದೊರೆಸಾನಿ ಚಳಿಗಾಲದ ಟೊಪಿಗಿ. ಕಿವಿ ಹೊರಗ ಬರಾಕ ಎರಡೂ ಕಡಿ ಸೀಳು ಬಿಟ್ಟಾರ.’ ಕೆಂಪು ಉಣ್ಣೆ, ಹಳದಿ ಪಟ್ಟೆ, ನೆತ್ತಿಯ ಮೇಲೊಂದು ಗೊಂಡೆ. ನನ್ನ ತಲೆಗೆ ತೊಡಿಸಿ ನೀನು ಕೈ ತಟ್ಟಿ ನಕ್ಕೆ. ಚಳಿಗೆ ಹಾಕುವ ಟೋಪಿಯಲ್ಲಿ ಕಿವಿ ಯಾಕೆ ಹೊರಗಿರಬೇಕು ಎಂದು ಬಿ.ಎ. ಓದಿದ ನಾನು ಕೇಳಲಿಲ್ಲ ನೋಡು. ಆಮೇಲೆ ಮಕ್ಕಳು ಕೇಳಿದಾಗ, ಹಿಮದಲ್ಲಿ ಗಾಡಿಯ ಸದ್ದು ಕೇಳಿಸಬೇಕಲ್ಲ ಎಂದು ನಾನೇ ಒಂದು ಕಾರಣವನ್ನೂ ಹುಟ್ಟಿಸಿದೆ.

ಆ ಪೆಟ್ಟಿಗೆ ಇಲ್ಲದಿದ್ದರೆ ನನಗೆ ಪಾಠ ಮಾಡಲು ಏನಿತ್ತು ಹೇಳು. ಶಾಲೆಯಲ್ಲಿ ಚಿತ್ರಪಟಗಳಿಲ್ಲವೆಂದಲ್ಲ. ಮದರಾಸಿನಿಂದ ಬಂದ ಇಪ್ಪತ್ನಾಲ್ಕು ಬಣ್ಣದ ಪಟಗಳು ಹೆಡ್‌ಮಾಸ್ತರರ ಅಲಮಾರಿನಲ್ಲಿವೆ. ಮಕ್ಕಳ ಕೈ ತಾಗಿ ಕೊಳೆಯಾಗುತ್ತವೆಂದು ಬೀಗ ಹಾಕಿದ್ದಾರೆ. ಇನ್‌ಸ್ಪೆಕ್ಷನ್ನಿನ ದಿನ ಮಾತ್ರ ಅವಕ್ಕೆ ಗಾಳಿ. ಉಳಿದ ಮಾಸ್ತರರು ಬೇಕೆಂದಾಗ ಬೀಗದ ಕೈ ಕೇಳಿ ಪಡೆಯುತ್ತಾರೆ, ನಾನು ಕೇಳಿದರೆ ಕೈ ಎಲ್ಲೋ ಕಳೆದಿರುತ್ತದೆ. ಇತ್ತ ನಾಲ್ಕನೇ ಫಾರಂನ ರೀಡರಿನಲ್ಲಿ ಒಬ್ಬ ಮುದುಕ ಹಿಮದಲ್ಲಿ ನಡೆದು ಬಂದು, ಟೋಪಿ ಕಳಚಿ, ಮನೆಯೊಳಗಿನ ಬೆಂಕಿಯ ಮುಂದೆ ಕೂತು ಸುಖಪಡುವ ಪಾಠವಿದೆ. ಸಿರುಗುಪ್ಪದ ಬಿಸಿಲಿನ ಮಕ್ಕಳಿಗೆ ಅದು ಹೇಗೆ ತಿಳಿಯಬೇಕು? ‘ಮನಿಯೊಳಗ ಬೆಂಕಿ ಹಚ್ಚಿಕೊಂಡು ಖುಷಿ ಪಡಾಕ ಅವಗೇನು ಹುಚ್ಚೇನ್ರಿ ಸಾರ್?’ ಎಂದು ಕೇಳುತ್ತಾರೆ. ಅದಕ್ಕೇ ನಾನು ಪೆಟ್ಟಿಗೆ ತೆರೆಯುತ್ತಿದ್ದೆ. ಟೋಪಿ ನನ್ನ ತಲೆಗೆ, ಕೈಗವಸು ಒಬ್ಬರಿಗೆ, ಚಿಮಟ ಇನ್ನೊಬ್ಬರಿಗೆ. ಮೇಜೇ ಒಲೆ. ಮುದುಕ ನಡುಗುತ್ತಾ ಬರುವುದು, ಕೈ ಕಾಯಿಸುವುದು, ಎಲ್ಲ ಇಂಗ್ಲಿಷಿನಲ್ಲೇ. ಅರ್ಥವನ್ನು ಬಾಯಿಪಾಠ ಮಾಡುತ್ತಿದ್ದವರು ಸ್ವಂತ ವಾಕ್ಯ ಆಡತೊಡಗಿದರು ಅಣ್ಣಾ. ಗದ್ದೆ ಕೆಲಸ ಮಾಡಿ ಬಂದವರು, ಅಂಗಡಿಯವರ ಮಕ್ಕಳು, ಗೌಡರ ಮಕ್ಕಳು, ಎಲ್ಲರೂ ನೀನು ಹೆಕ್ಕಿದ್ದನ್ನು ಮುಟ್ಟಿ ಮುಟ್ಟಿ ಕಲಿತರು. ನನಗೆ ಅದರ ಹೆಮ್ಮೆ ಇತ್ತು.

ಹೋದ ವಾರ ಮಂಗಳವಾರ ಇನ್‌ಸ್ಪೆಕ್ಟರ್ ಬಂದರು. ಹೆಡ್‌ಮಾಸ್ತರರು ಅಲಮಾರು ತೆರೆದು ಗೋಡೆಗೆಲ್ಲ ಪಟ ತೂಗುಹಾಕಿದ್ದರು. ನನ್ನ ಗೋಡೆಗೆ ಬಂದದ್ದು ಕಪ್ಪೆಯ ಹೊಟ್ಟೆಯೊಳಗಿನ ಅಂಗಗಳ ಪಟ! ಇಂಗ್ಲಿಷ್ ತರಗತಿಗೆ ಕಪ್ಪೆ. ನಾನು ಅದಕ್ಕೆ ಬೆನ್ನು ತಿರುಗಿಸಿ ನಿನ್ನ ಪೆಟ್ಟಿಗೆಯನ್ನೇ ತೆರೆದೆ. ಮಕ್ಕಳು ಅವತ್ತು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಇನ್‌ಸ್ಪೆಕ್ಟರ್ ತಲೆಯಾಡಿಸುತ್ತಿದ್ದರು, ನನಗೆ ಗೆದ್ದೆ ಅನಿಸಿತು. ಆಗ ಟೋಪಿ ತೊಟ್ಟುಕೊಂಡೆ. ಅವರು ಎದ್ದು ಹತ್ತಿರ ಬಂದರು, ಸೀಳಿನಲ್ಲಿ ಬೆರಳು ತೂರಿಸಿ ನೋಡಿದರು. ‘ಏಮಯ್ಯಾ ಮೇಷ್ಟ್ರೇ, ಟೀ ಆರಬಾರದು ಅಂತ ಟೀಪಾಟಿಗೆ ಹೊದಿಸೋದನ್ನ ತಲೆಗೆ ಹಾಕ್ಕೊಂಡಿದ್ದೀರಲ್ಲ? ನಿಮ್ಮ ತಲೆಯೊಳಗೆ ಏನು ಕುದೀತಿದೆ?’ ಒಂದು ಸೀಳು ಟೀಪಾಟಿನ ಮೂತಿಗಂತೆ, ಇನ್ನೊಂದು ಹಿಡಿಕೆಗಂತೆ. ಹೆಡ್‌ಮಾಸ್ತರರು ಬಾಗಿಲು ಹಿಡಿದುಕೊಂಡು ನಕ್ಕರು. ಐದು ವರ್ಷ, ಎರಡು ಊರು, ಮುನ್ನೂರು ಮಕ್ಕಳ ಮುಂದೆ ನಾನು ಟೀಪಾಟಾಗಿ ನಿಂತಿದ್ದೆ. ಇವನ್ನೆಲ್ಲ ಎಲ್ಲಿಂದ ತಂದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಏನೋ ಹೇಳಿದೆ. ಗಂಟೆ ಹೊಡೆಯಿತು. ‘ಯಾರೋ ಎಸೆದ ಕಸ ಹೈಸ್ಕೂಲಿನಾಗ ಬ್ಯಾಡ್ರಿ ಮಲ್ಲಯ್ಯ’ ಎಂದು ಹೆಡ್‌ಮಾಸ್ತರರು ಪೆಟ್ಟಿಗೆಯನ್ನು ಅವತ್ತೇ ಹೊರಗೆ ಹಾಕಿಸಿದರು. ಈಗ ಅದು ನಮ್ಮ ಮಂಚದ ಕೆಳಗಿದೆ.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹನ್ನೆರಡು ವರ್ಷ ಆ ಬಂಗಲೆಯಲ್ಲಿದ್ದವನಿಗೆ ಟೀಪಾಟಿನ ಮುಸುಕು ಯಾವುದು, ಟೋಪಿ ಯಾವುದು ಎಂದು ಗೊತ್ತಿರಬಾರದೇ? ದೊಡ್ಡಸ್ತಿಕೆ ತೋರಿಸಲು ನೀನು ಬುರುಡೆ ಬಿಟ್ಟೆ ಎಂದುಕೊಂಡೆ. ನಿನಗೆ ಚೆನ್ನಾಗಿ ಬೈದು ಬರೆಯಬೇಕು, ಅದಕ್ಕೆ ಮೊದಲು ನಿಜ ತಿಳಿಯಬೇಕೆಂದು ಭಾನುವಾರ ಬಳ್ಳಾರಿಗೆ ಹೋದೆ. ಆ ಬಂಗಲೆಯಲ್ಲಿ ಬಟ್ಲರನಾಗಿದ್ದ ಜೋಗಪ್ಪ ಈಗ ಸತ್ಯನಾರಾಯಣಪೇಟೆಯಲ್ಲಿ ಚಹಾದ ಅಂಗಡಿ ಇಟ್ಟಿದ್ದಾನೆ. ಟೋಪಿಯ ಸಂಗತಿ ಹೇಳಿದ್ದೇ ತಡ, ಕೆಮ್ಮು ಹತ್ತುವಷ್ಟು ನಕ್ಕ. ಆಮೇಲೆ ಅಂದ: ‘ನಿಮ್ಮಣ್ಣಗ ಹ್ಯಾಂಗ ಗೊತ್ತಿರ್ತೈತಿ? ಅಂವ ಊಟದ ಮನಿಯೊಳಗ ಒಂದಿನಾನೂ ಕಾಲಿಟ್ಟೋನಲ್ಲ. ಹಿತ್ತಲದಿಂದ ಕಕ್ಕಸಿಗೆ, ಕಕ್ಕಸಿಂದ ಹಿತ್ತಲಕ್ಕ. ದೊರಿ ಏನೂ ಅಂತಿರಲಿಲ್ಲ ಬಿಡ್ರಿ, ಅವರಿಗೆ ಅದರ ಗೊಡವಿ ಇಲ್ಲ. ನಾವಽ ಬಿಡ್ತಿರಲಿಲ್ಲ.’ ಬಹಳ ಸಹಜವಾಗಿ ಹೇಳಿದ, ನನಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಲೇ.

ಆ ಚಹಾವನ್ನು ನಾನು ಕುಡಿಯಲಿಲ್ಲ. ಹನ್ನೆರಡು ವರ್ಷ ಒಂದು ಮನೆಯನ್ನು ಗುಡಿಸಿದವನಿಗೆ ಆ ಮನೆಯ ಮೇಜು ಹೇಗಿರುತ್ತದೆಂದು ಗೊತ್ತಿಲ್ಲ! ಕಸಕ್ಕೆ ಬಿದ್ದ ಮೇಲೆ ಮಾತ್ರ ಎಲ್ಲವೂ ನಿನ್ನ ಕಣ್ಣಿಗೆ ಬಿದ್ದವು, ನಿನಗೆ ತೋಚಿದ ಹೆಸರು ಇಟ್ಟೆ. ನೀನು ಬುರುಡೆ ಬಿಟ್ಟದ್ದಲ್ಲ. ಇದನ್ನು ತಿಳಿಯಲು ನನಗೆ ಜೋಗಪ್ಪನ ಬಾಯಿ ಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಮ್ಮ ಹೆಡ್‌ಮಾಸ್ತರರ ಅಲಮಾರಿಗೂ ಆ ಊಟದ ಮನೆಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸ್ವರಾಜ್ಯ ಬಂದು ಐದನೇ ವರ್ಷ ನಡೆದಿದೆ, ಬೀಗದ ಕೈ ಮಾತ್ರ ಇನ್ನೂ ಕಳೆದೇ ಇದೆ.

ಅವ್ವ ನಿನಗೆ ಹರಸಿದ್ದಾಳೆ. ಸುಂಕಮ್ಮ ನಮಸ್ಕಾರ ತಿಳಿಸುತ್ತಾಳೆ, ಎರಡೂ ಕಿವಿ ಮುಚ್ಚುವಂಥ ಮಫ್ಲರು ಕಳಿಸುತ್ತಾಳಂತೆ, ಹಾಕಿಕೋ. ಡಾಕ್ಟರಿಗೆ ಎದೆ ತೋರಿಸು. ಈ ಸಲ ಒಳಗೆ ಹೋಗಿ ತೋರಿಸು.

ನಿನ್ನ ತಮ್ಮ,
ಮಲ್ಲಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಟಪಾಲು ಕಟ್ಟುವ ಹೊತ್ತಾಯಿತು. ನಿನ್ನೆ ಆರ್ಡರ್ ಬಂತು, ನೌಕರಿ ಕಾಯಂ. ವರದಿಯಲ್ಲಿ ಹೀಗಿದೆ: ‘ಶಿಕ್ಷಕರು ಉತ್ಸಾಹಿಗಳು. ಅವಿದ್ಯಾವಂತ ಜಾಡಮಾಲಿಯೊಬ್ಬನ ಮಾತು ನಂಬಿ ಮೋಸಹೋದದ್ದು ಅವರ ತಪ್ಪಲ್ಲ.’ ಇನ್‌ಸ್ಪೆಕ್ಟರ್ ಕೇಳಿದಾಗ ನಾನು ಹೇಳಿದ್ದು ಇದು: ‘ಕಂಟೋನ್ಮೆಂಟಿನ ಯಾವನೋ ಜಾಡಮಾಲಿ ತಂದುಕೊಟ್ಟ, ಅವನ ಹೆಸರೂ ನನಗೆ ಗೊತ್ತಿಲ್ಲ.’ ಪೆಟ್ಟಿಗೆ ತೆರೆದಾಗಲೆಲ್ಲ ಆ ಮಕ್ಕಳಿಗೆ ‘ನಮ್ಮಣ್ಣ ತಂದದ್ದು, ಜೋಪಾನ’ ಎಂದೇ ಹೇಳುತ್ತಿದ್ದೆ. ಅವತ್ತಿನ ನನ್ನ ಸುಳ್ಳನ್ನು ನಲವತ್ತು ಮಂದಿಯೂ ಕೇಳಿಸಿಕೊಂಡರು. ಒಬ್ಬರೂ ಬಾಯಿ ಬಿಡದೆ ತಲೆ ತಗ್ಗಿಸಿ ನನ್ನ ನೌಕರಿ ಉಳಿಸಿದರು.

ಈ ಕಾಗದವನ್ನು ಓದಿ ಹೇಳುತ್ತಿರುವವರೇ, ನೀವು ಯಾರೋ ನನಗೆ ತಿಳಿಯದು. ಇಷ್ಟನ್ನು ನುಂಗಿಹಾಕದೆ ಗಟ್ಟಿಯಾಗಿ, ನಾಲ್ಕು ಜನರ ಎದುರು ಓದಿರಿ. ನಿಮ್ಮ ಮುಂದೆ ಕೂತಿರುವವನ ಹೆಸರು ದುರುಗಣ್ಣ, ಅವನು ನನ್ನ ಒಡಹುಟ್ಟಿದ ಅಣ್ಣ. ಅವನು ಬೈದರೆ ಬೈದ ಹಾಗೆಯೇ ಬರೆದು ಕಳಿಸಿರಿ. ‘ಇರಲಿ ಬಿಡು’ ಎಂದರೆ ಮಾತ್ರ ಅದನ್ನು ಬರೆಯಬೇಡಿರಿ.